ಪೂಜೆಗೆ ಕುಳಿತ ಕೊಲೆಗಾರ

ಸವಣೂರಿನ ಸುಯಮೀಂದ್ರ ಮಾಸ್ತರರಿಗೆ ಹೆದರಿಕೆಯೆಂದರೆ ಪ್ರಾಣ. ಹಲ್ಲಿ ಲೊಚಗುಟ್ಟಿದರೆ ಕೂತಲ್ಲಿಂದ ಏಳುತ್ತಾರೆ, ನಾಯಿ ಬೊಗಳಿದರೆ ನಿಂತಲ್ಲೇ ಕೂರುತ್ತಾರೆ, ಶಾಲೆಯ ತಪಾಸಣೆಗೆ ಸಾಹೇಬರು ಬರುತ್ತಾರೆಂದರೆ ಹಿಂದಿನ ದಿನವೇ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ದೇವರು ಕೊಟ್ಟ ಇಷ್ಟು ಹೆದರಿಕೆ ಸಾಲದೆಂದು ದುಡ್ಡು ಕೊಟ್ಟು ಇನ್ನಷ್ಟು ಹೆದರಿಕೆಯನ್ನು ಮನೆಗೆ ತಂದು ಓದುವವರು ಅವರು. ಮೀಸೆ ಮೂಡುವ ಮೊದಲು ರಾಜರಾಣಿಯರ ಕಾದಂಬರಿ ಓದಿದರು. ಮೀಸೆ ಮೂಡಿದ ಮೇಲೆ ಕಣ್ಣೀರಿನ ಕಾದಂಬರಿ ಓದಿದರು. ಮದುವೆಯಾದ ಮೇಲೆ ಕಣ್ಣೀರು ಮನೆಯಲ್ಲೇ ಪುಕ್ಕಟೆ ಸಿಗತೊಡಗಿದ್ದರಿಂದ ಕೊಲೆಯ ಕಾದಂಬರಿಗಳಿಗೆ ತಿರುಗಿಕೊಂಡರು. ಅಂದಿನಿಂದ ನಿವೃತ್ತಿ ಹತ್ತಿರ ಬಂದ ಈ ಹೊತ್ತಿನವರೆಗೂ ಹೆಣ ಬೀಳದ ಪುಸ್ತಕವನ್ನು ಅವರು ಪುಸ್ತಕವೆಂದೇ ಲೆಕ್ಕಿಸಿದವರಲ್ಲ.

ಆದರೆ ಈ ಸಂಗತಿ ಊರಿಗೆ ತಿಳಿಯುವಂತಿಲ್ಲ. ಮಾಸ್ತರರ ಅಜ್ಜ ಶ್ರೀರಾಮಾಚಾರ್ಯರು ದೊಡ್ಡ ಪಂಡಿತರು. ಆ ಮನೆಯ ಮೊಮ್ಮಗ, ಅದೂ ಗಣಿತ ಕಲಿಸುವವನು, ರಕ್ತ ಸೋರುವ ಚಾಕುವಿನ ಚಿತ್ರವಿರುವ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತರೆ ಮನೆತನದ ಮರ್ಯಾದೆ ಏನಾಗಬೇಕು? ಅದಕ್ಕೇ ಮಾಸ್ತರರು ಪ್ರತಿಯೊಂದು ಕಾದಂಬರಿಗೂ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ದಪ್ಪ ಹೊದಿಕೆ ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ‘ವೇದಾಂತ ವಿಚಾರ’ ಎಂದು ಬರೆದು ಭಾಗದ ಸಂಖ್ಯೆಯನ್ನೂ ಹಾಕುತ್ತಿದ್ದರು. ವೇದಾಂತಕ್ಕೆ ಇಷ್ಟೊಂದು ಭಾಗಗಳಿವೆಯೆಂದು ಸವಣೂರಿಗೆ ತಿಳಿದದ್ದೇ ಅವರಿಂದ. ಓದುತ್ತ ಓದುತ್ತ ಮಾಸ್ತರರು ಬೆವರುವುದನ್ನು, ಗಟ್ಟಿಯಾಗಿ ರಾಯರ ಹೆಸರು ಹೇಳುವುದನ್ನು ಕಂಡ ಪಕ್ಕದ ಮನೆಯ ಗುತ್ತೆವ್ವ, "ಓದಿದ್ರ ಹಿಂಗ ಓದಬೇಕವ್ವಾ, ಮೈಮ್ಯಾಲೆ ದೇವರ ಬಂದಂಗ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಗುಟ್ಟು ಗೊತ್ತಿದ್ದದ್ದು ಹೆಂಡತಿ ಪ್ರಿಯಂವದಾಳಿಗೆ, ಮತ್ತೆ ಮೊಬೈಲಿನಲ್ಲಿದ್ದ ‘ಕಾದಂಬರಿ ಬಳಗ’ಕ್ಕೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನ ಓದುವ ಹುಚ್ಚರನ್ನು ಹುಡುಕಿ ಮಾಸ್ತರರೇ ಕಟ್ಟಿದ ವಾಟ್ಸಾಪ್ ಬಳಗವದು. ಅದಕ್ಕೆ ಒಂದೇ ಒಂದು ನಿಯಮ. ಯಾರೂ ಯಾರಿಗೂ ಯಾವ ಕಾದಂಬರಿಯ ಕೊನೆಯನ್ನೂ ಹೇಳಬಾರದು. ಹೇಳಿದವರು ಬಳಗದಿಂದ ಹೊರಗೆ. ಈ ನಿಯಮ ಮಾಡಿದವರೂ ಮಾಸ್ತರರೇ. ಹಿಂದೊಮ್ಮೆ ಊಟದ ಎಲೆಯ ಮುಂದೆ ಕೊಲೆಗಾರನ ಹೆಸರು ಹೇಳಿಬಿಟ್ಟ ಸ್ವಂತ ಷಡ್ಡಕನ ಜೊತೆ ಇವತ್ತಿಗೂ ಅವರು ಮಾತಾಡುವುದಿಲ್ಲ. ಮನುಷ್ಯ ಹಳ್ಳ ತೋಡುವಾಗ ಅದರ ಆಳವನ್ನು ನೋಡಿಕೊಳ್ಳುವುದಿಲ್ಲ, ಬಿದ್ದ ಮೇಲೆ ನೋಡುತ್ತಾನೆ.

ದಸರೆಯ ಸೂಟಿ. ಪ್ರಿಯಂವದಾ ಮಗಳು ಸ್ಪಂದನಾಳನ್ನು ಕರೆದುಕೊಂಡು ಹಿರೇಕೆರೂರಿನ ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಮಾಸ್ತರರು ಮತ್ತು ಅವರ ತಾಯಿ ಗಂಗಾಬಾಯಿ. ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವನು ಫಕ್ಕೀರೇಶ. ಹಿರೇಕೆರೂರು ತಾಲೂಕಿನ ಮಾಸೂರಿನವನು, ಬಂಕಾಪುರದ ಹತ್ತಿರ ಒಂದು ಸಸಿ ತೋಟದಲ್ಲಿ ಕೆಲಸ. ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ತಲೆ ತಗ್ಗಿಸಿಕೊಂಡು ಹೋಗುವ, ತಲೆ ತಗ್ಗಿಸಿಕೊಂಡೇ ಬರುವ ಮನುಷ್ಯ.

ಆ ಬೆಳಿಗ್ಗೆ ಮಾಸ್ತರರು ‘ವೇದಾಂತ ವಿಚಾರ, ಭಾಗ ಹದಿನಾರು’ ಓದುತ್ತಿದ್ದರು. ಹೊದಿಕೆಯ ಒಳಗಿದ್ದ ನಿಜವಾದ ಹೆಸರು ‘ಕಷಾಯದ ಬಟ್ಟಲು’. ಕಥೆಯಲ್ಲಿ ಒಬ್ಬ ಮುದುಕಿ, ಅವಳಿಗೊಬ್ಬ ಮಗ, ಅವರ ಮನೆಗೊಬ್ಬ ಮಾತಿಲ್ಲದ ಬಾಡಿಗೆಯವ. ಬಾಡಿಗೆಯವನು ಹಿತ್ತಲಲ್ಲಿ ಗುಂಡಿ ತೋಡುತ್ತಾನೆ. ಮುದುಕಿಯ ಮೊಣಕಾಲು ನೋವಿಗೆಂದು ಎಲ್ಲಿಂದಲೋ ಬೇರು ತಂದುಕೊಡುತ್ತಾನೆ. ಮುದುಕಿ ದಿನದಿಂದ ದಿನಕ್ಕೆ ಇಳಿಯುತ್ತಾಳೆ. ಕಡೆಯ ಅಧ್ಯಾಯದ ಹಿಂದಿನ ಅಧ್ಯಾಯ ‘ಮುದುಕಿ ಬಟ್ಟಲನ್ನು ತುಟಿಗೆ ಹಚ್ಚಿದಳು’ ಎಂಬಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಗಂಗಾಬಾಯಿ ಒಳಗಿನಿಂದ, "ಸುಯಮೀ, ನೀರು ಆರಿ ಹೋಗ್ತದ, ಸ್ನಾನಕ್ಕ ಏಳು" ಎಂದು ಕೂಗಿದರು. ಮಾಸ್ತರರು ಪುಸ್ತಕವನ್ನು ಮಣೆಯ ಮೇಲಿಟ್ಟು ಬಚ್ಚಲಿಗೆ ಹೋದರು. ಬಂದು ನೋಡಿದರೆ ಪುಸ್ತಕವಿಲ್ಲ.

"ಅವ್ವಾ, ನನ್ನ ಪುಸ್ತಕ ಎಲ್ಲಿ ಅದ?"

"ಪೂಜಿಗೆ ಇಟ್ಟೇನಿ. ಇವತ್ತ ಸರಸ್ವತಿ ಕೂಡ್ತಾಳ, ಮರತೀಯೇನು?"

ದೇವರ ಮನೆಯಲ್ಲಿ ಪೀಠದ ಮೇಲೆ ಅಜ್ಜನ ಗ್ರಂಥಗಳು, ಅವುಗಳ ಮೇಲೆ ವೇದಾಂತದ ಹದಿನಾರನೆಯ ಭಾಗ, ಅದರ ಮೇಲೆ ಕೆಂಪು ವಸ್ತ್ರ, ಅರಿಸಿನ, ಕುಂಕುಮ, ಸೇವಂತಿಗೆ ಹೂ. ಮೂಲಾ ನಕ್ಷತ್ರಕ್ಕೆ ಕೂತ ಸರಸ್ವತಿ ಶ್ರವಣಕ್ಕೆ ಏಳುವವರೆಗೆ ಆ ಪುಸ್ತಕಗಳನ್ನು ಮುಟ್ಟುವಂತಿಲ್ಲ, ಬೇರೆ ಯಾವುದನ್ನೂ ಓದುವಂತಿಲ್ಲ. ಆ ಮನೆಯಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು ಅದು.

"ಒಂದೇ ಅಧ್ಯಾಯ ಉಳದದ ಅವ್ವಾ."

"ವೇದಾಂತ ಎಲ್ಲಿಗೂ ಓಡಿ ಹೋಗೂದಿಲ್ಲ. ದಶಮಿ ದಿನ ಓದು. ನಡುವ ಕೈ ಹಚ್ಚಿದವರಿಗೆ ವಿದ್ಯಾ ಹತ್ತೂದಿಲ್ಲ."

"ಈ ವಯಸ್ಸಿನ್ಯಾಗ ನನಗ ಇನ್ನ ಯಾವ ವಿದ್ಯಾ ಹತ್ತಬೇಕಾಗೇದ?"

"ಹತ್ತಿದ್ದೂ ಇಳದು ಹೋಗ್ತದ."

ಮಾಸ್ತರರು ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿ ನೋಡಿಕೊಂಡರು. ತಪ್ಪಿಲ್ಲದೆ ಬಂತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಫಕ್ಕೀರೇಶ ನಿಂತಿದ್ದ. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಬಾಳೆ ನಾರಿನಿಂದ ಕಟ್ಟಿದ ಪುಟ್ಟ ಗಂಟು.

"ಅಮ್ಮಾರ, ಬೇರ ತಂದೇನ್ರಿ. ನಮ್ಮವ್ವ ಇದನ್ನ ಮೊಣಕಾಲಿಗೆ ಕೊಡ್ತಿದ್ಲು. ಕುದಿಸಿ ಎರಡೂ ಹೊತ್ತ ಕುಡೀರಿ."

ಮಾಸ್ತರರಿಗೆ ಸ್ನಾನ ಮಾಡಿದ ಮೈ ಮತ್ತೆ ಒದ್ದೆಯಾಯಿತು. ಇನ್ನೂ ಹೆದರಿಸಿದ್ದು ತಾಯಿಯ ನಡವಳಿಕೆ. ನೆರೆಮನೆಯ ನೀರನ್ನೂ ಮುಟ್ಟದ ಗಂಗಾಬಾಯಿ ಆ ಗಂಟನ್ನು ಕೈಚಾಚಿ ತೆಗೆದುಕೊಂಡು, "ಔಷಧಕ್ಕ ಮಡಿ ಇಲ್ಲಪಾ" ಎಂದುಬಿಟ್ಟರು. ಕಾದಂಬರಿಯ ಮುದುಕಿಯೂ ಹೀಗೇ ಕೈ ಚಾಚಿದ್ದಳು. ಹಿಂದೆ ಹಿತ್ತಲಲ್ಲಿ ಹೊಸದಾಗಿ ತೋಡಿದ ಗುಂಡಿಯೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು.

ಈಗ ಮಾಸ್ತರರಿಗೆ ತಿಳಿಯಬೇಕಾದದ್ದು ಒಂದೇ. ಕಥೆಯ ಬಾಡಿಗೆಯವನು ಕೊಲೆಗಾರನೋ ಅಲ್ಲವೋ? ಅಲ್ಲವೆಂದರೆ ತಾಯಿ ಬದುಕಿದಳು. ಹೌದೆಂದರೆ ಇವತ್ತೇ ಏನಾದರೂ ಮಾಡಬೇಕು. ಕಾದಂಬರಿ ಬೇರೆ, ಮನೆ ಬೇರೆ ಎಂದು ನಾವು ನೀವು ಹೇಳಬಹುದು. ಗಂಟೆಗಟ್ಟಲೆ ಕೊಲೆ ಓದಿದ ತಲೆಗೆ ಅದನ್ನು ಹೇಳಿ ಒಪ್ಪಿಸುವುದು ಕಷ್ಟ.

ಮೊದಲು ಮೊಬೈಲಿನಲ್ಲಿ ಹುಡುಕಿದರು. ಹಳೆಯ ಪುಸ್ತಕ, ಎಲ್ಲಿಯೂ ಸುಳಿವಿಲ್ಲ. ‘ಕಷಾಯದ ಬಟ್ಟಲು’ ಎಂದು ಬರೆದರೆ ನೆಗಡಿಗೆ ಮೆಣಸಿನ ಕಷಾಯ ಮಾಡುವ ವಿಡಿಯೋಗಳು ಬಂದವು. ಕೊನೆಗೆ ಕಾದಂಬರಿ ಬಳಗಕ್ಕೇ ಬರೆದರು. "ಕಷಾಯದ ಬಟ್ಟಲು ಕಾದಂಬರಿ ಕಡೀಕ ಏನಾಗ್ತದ, ಕೊಂದವರು ಯಾರು, ದಯವಿಟ್ಟು ಹೇಳ್ರಿ. ಜೀವದ ಪ್ರಶ್ನೆ."

ಆಮೇಲೆ ಒಬ್ಬರು, "ಸರ ನಮ್ಮನ್ನ ಪರೀಕ್ಷೆ ಮಾಡಾಕತ್ತಾರ" ಎಂದು ಬರೆದರು. ಇನ್ನೊಬ್ಬರು, "ನಾವು ಬಲಿ ಬೀಳೂದಿಲ್ರಿ ಸರ" ಎಂದು ಕೈಮುಗಿದ ಚಿತ್ರ ಹಾಕಿದರು. ದುಂಡಸಿಯ ರಾಜಶ್ರೀ ಎಂಬ ಹೊಸ ಸದಸ್ಯೆಗೆ ಮಾತ್ರ ಮರುಕ ಬಂತು. "ಸರ ನಾ ಹೇಳ್ತೇನ್ರಿ" ಎಂದು ಒಂದು ಸಂದೇಶ ಬಂತು. "ಕೊಂದಾಂವ" ಎಂದು ಇನ್ನೊಂದು ಬಂತು. ಅದರ ಬೆನ್ನಿಗೇ, ರಾಜಶ್ರೀಯನ್ನು ಬಳಗದಿಂದ ತೆಗೆದುಹಾಕಲಾಗಿದೆ ಎಂಬ ಸೂಚನೆ ಬಂತು. ತೆಗೆದವರು ಮಾಸ್ತರರ ನಂತರದ ಮುಖ್ಯಸ್ಥೆ, ಹಾನಗಲ್ಲಿನ ನಿವೃತ್ತ ಶಿಕ್ಷಕಿ ಹಾಜರಾಬಿ. "ನಿಯಮ ಪಾಲಿಸೇನಿ" ಎಂದು ಕೆಳಗೆ ಬರೆದಿದ್ದರು. ಸಿಟ್ಟಿಗೆದ್ದ ರಾಜಶ್ರೀ ಆಮೇಲೆ ಮಾಸ್ತರರ ಫೋನನ್ನೂ ಎತ್ತಲಿಲ್ಲ.

ಮಾಸ್ತರರ ಕಣ್ಣು "ಕೊಂದಾಂವ" ಎಂಬ ಶಬ್ದದ ಮೇಲೆಯೇ ನಿಂತಿತ್ತು. ಕೊಂದವನು ಗಂಡಸು. ಬಾಡಿಗೆಯವನೂ ಗಂಡಸು. ಗಣಿತದ ಮಾಸ್ತರರಿಗೆ ಇದಕ್ಕಿಂತ ಹೆಚ್ಚಿನ ಸಾಧನೆ ಬೇಕಾಗಲಿಲ್ಲ.

ಅಂದಿನಿಂದ ಅವರು ಓಣಿಯಲ್ಲಿ ಕಂಡಕಂಡವರ ಕಿವಿಯಲ್ಲಿ ಫಕ್ಕೀರೇಶನ ವಿಷಯ ಊದತೊಡಗಿದರು. "ಅವ್ವಗ ಏನಾರ ಆದ್ರ ಆ ಬಾಡಿಗಿಯವನ ಮ್ಯಾಲೆ ಕಣ್ಣಿಡ್ರಿ. ನಾ ಮೊದಲ ಹೇಳಿ ಇಟ್ಟೇನಿ." ಗುತ್ತೆವ್ವನಿಗೆ ಹೇಳಿದರು, ಹೂವಿನ ಹುಚ್ಚವ್ವನಿಗೆ ಹೇಳಿದರು, ಹಾಲು ಹಾಕುವವನಿಗೆ ಹೇಳಿದರು. ಫಕ್ಕೀರೇಶ ಓಣಿಯಲ್ಲಿ ನಡೆದರೆ ಹೆಂಗಸರು ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿ ದಾರಿ ಬಿಡುವಂತಾಯಿತು.

ಮಗ್ಗಿ ಹೋದರೂ ಹೋಗಲಿ, ಪೂಜೆಗೆ ಕೂತಿರದ ಪ್ರತಿಯಲ್ಲಾದರೂ ಕೊನೆಯನ್ನು ಓದಿಕೊಳ್ಳಬೇಕೆಂದು ಮರುದಿನ ಬೆಳಿಗ್ಗೆ ಮಾಸ್ತರರು ಬಸ್ಸು ಹಿಡಿದು ಬಂಕಾಪುರಕ್ಕೆ ಹೋದರು. ಅಲ್ಲಿ ದಿಲಾವರನ ರದ್ದಿ ಅಂಗಡಿಯಲ್ಲಿ ಹಳೆಯ ಕಾದಂಬರಿಗಳ ಗುಡ್ಡೆಯೇ ಇರುತ್ತಿತ್ತು. ಈ ಪುಸ್ತಕವನ್ನೂ ಅವರು ಕೊಂಡದ್ದು ಅಲ್ಲಿಯೇ. ಹೋಗಿ ನೋಡಿದರೆ ಗುಡ್ಡೆಯ ಮೇಲೆ ಬಿಳಿಯ ಚಾದರ ಹೊದಿಸಿದೆ, ತಕ್ಕಡಿ ಗೋಡೆಗೆ ಮುಖ ಮಾಡಿ ನೇತಾಡುತ್ತಿದೆ.

"ಇವತ್ತ ಪುಸ್ತಕಕ್ಕ ಕೈ ಹಚ್ಚೂದಿಲ್ರಿ ಸರ. ನಮ್ಮಜ್ಜನ ಕಾಲದಿಂದ ನಡದೈತಿ. ನಿಮ್ಮ ಸರಸ್ವತಿ ಕೂತಾಗ ನಾವು ಪುಸ್ತಕ ತೂಗೂದಿಲ್ಲ."

"ತೂಗಬ್ಯಾಡೋ ಮಾರಾಯ. ಒಂದು ಪುಸ್ತಕದ ಕಡೀ ಹಾಳಿ ಅಷ್ಟ ನೋಡ್ತೇನಿ."

ದಿಲಾವರ ಕಿವಿ ಮುಟ್ಟಿಕೊಂಡ. "ಆಚಾರ್ರ ಮನಿಯವ್ರು ನೀವು. ನೀವ ಹಿಂಗಂದ್ರ ನಾವು ಯಾರ ಮಾರಿ ನೋಡಬೇಕ್ರಿ?"

ನಾಚಿಕೆ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ ಜಗ್ಗುತ್ತಿರಲು ಮಾಸ್ತರರು ಮತ್ತೊಂದು ಬಸ್ಸು ಹತ್ತಿ ಹಾನಗಲ್ಲಿನಲ್ಲಿ ಇಳಿದರು. ಹಾಜರಾಬಿ ಟೀಚರು ಹಿಂದೆ ಸವಣೂರಿನಲ್ಲಿ ಅವರ ಜೊತೆಗೇ ಕೆಲಸ ಮಾಡಿದವರು, ಗಂಗಾಬಾಯಿಗೂ ಬೇಕಾದವರು. ಬಾಗಿಲಲ್ಲೇ ನಗುತ್ತ, "ಬರ್ರಿ ಮಾಸ್ತರ, ಕುಂದರ್ರಿ" ಎಂದು ಪೇರಲ ಹಣ್ಣು ಹೆಚ್ಚುತ್ತ ಕೂತರು.

"ಟೀಚರ, ಆ ಕಡೀ ಅಧ್ಯಾಯ ಒಂದು ಹೇಳಿಬಿಡ್ರಿ."

"ಬಾಯಲೆ ಹೇಳಿದ್ರ ನಿಯಮ ಮುರೀತೈತ್ರಿ. ನನ್ನ ಪುಸ್ತಕ ಕಪಾಟಿನ್ಯಾಗ ಐತಿ, ತಗದು ಕೊಡ್ತೇನಿ, ನೀವ ಓದಿಕೊಳ್ರಿ." ಹಾಜರಾಬಿ ಎದ್ದು ಸೆರಗಿನ ಗಂಟಿನಿಂದ ಕೀಲಿಕೈ ತೆಗೆದರು.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಸುಮ್ಮನೆ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೀವ ಬಂದ ಸಂತೋಷಕ್ಕೆ ಅವರು ಮಾತಾಡಿದರು. "ಭಾಳ ಉಪಕಾರ ಆತ್ರಿ. ಇದು ಬರೇ ಕಾದಂಬರಿ ಮಾತಲ್ಲ. ನಮ್ಮ ಮನ್ಯಾಗೂ ಹಂಗ ನಡದದ. ಬಾಡಿಗಿಯವ ಬೇರು ತರ್ತಾನ, ಅವ್ವ ಕಷಾಯ ಕುಡೀಲಿಕತ್ತಾಳ. ಹೆಂಡ್ತಿ, ಮಗಳು ಊರಾಗಿಲ್ಲ, ಮನ್ಯಾಗ ನಾವಿಬ್ರ. ಊರ ಮಂದಿಗೆಲ್ಲಾ ಹೇಳಿ ಇಟ್ಟೇನಿ, ಅವ್ವಗ ಏನಾರ ಆದ್ರ ಬಾಡಿಗಿಯವನ್ನ ಹಿಡೀರಿ ಅಂತ."

ಕಪಾಟಿನ ಹತ್ತಿರ ಹೋಗಿದ್ದ ಹಾಜರಾಬಿ ನಿಂತರು. ತಿರುಗಿ ಮಾಸ್ತರರ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದರು. ಬಂದು ತಟ್ಟೆಯಲ್ಲಿದ್ದ ಚಾಕುವನ್ನು ಮೆಲ್ಲಗೆ ತೆಗೆದುಕೊಂಡು ಬೆನ್ನ ಹಿಂದೆ ಹಿಡಿದರು.

"ಮಾಸ್ತರ, ಗಂಗಾಬಾಯಿಯವ್ರು ಹೆಂಗ ಅದಾರ?"

"ಸದ್ಯಕ್ಕ ಇದ್ದಾಳ."

"ಸದ್ಯಕ್ಕ" ಎಂದು ಹಾಜರಾಬಿ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, "ಕಪಾಟಿನ ಕೀಲಿಕೈ ಕಳದೈತ್ರಿ" ಎಂದರು. ಕೀಲಿಕೈ ಅವರ ಕೈಯಲ್ಲೇ ತೂಗಾಡುತ್ತಿತ್ತು. ಮಾಸ್ತರರು ಅದನ್ನು ನೋಡಿದರು. ಅವರು ನೋಡಿದ್ದನ್ನು ಹಾಜರಾಬಿಯೂ ನೋಡಿದರು. ಅವರು ಮಾಸ್ತರರನ್ನು ಅಂಗಳದವರೆಗೆ ದೂರದಿಂದಲೇ ಕಳಿಸಿ ಒಳಗಿನಿಂದ ಅಗಳಿ ಹಾಕಿಕೊಂಡರು.

ಬಸ್ಸಿನಲ್ಲಿ ಕೂತ ಮಾಸ್ತರರು ಹಾಜರಾಬಿಯ ಹೆದರಿಕೆಗೆ ಒಂದೇ ಅರ್ಥ ಹಚ್ಚಿದರು. ಕೊನೆ ಅಷ್ಟು ಘೋರವಾಗಿರಬೇಕು, ಹೇಳಲು ಅವರಿಗೆ ಬಾಯಿ ಬಂದಿರಲಿಕ್ಕಿಲ್ಲ. ಹಿರೇಕೆರೂರಿಗೆ ಫೋನು ಮಾಡಿ ಹೆಂಡತಿಗೆ ಹೇಳಿದರು. ಪ್ರಿಯಂವದಾ ಎಲ್ಲವನ್ನೂ ಕೇಳಿ, "ನೀವು ಸ್ವಲ್ಪ ದಿವಸ ಕಣ್ಣೀರಿನ ಕಾದಂಬರಿ ಓದ್ರಿ" ಎಂದು ಫೋನು ಇಟ್ಟಳು.

ಮನೆಗೆ ಬಂದರೆ ಅಲ್ಲಿಯ ಗಾಳಿಯೇ ಬೇರೆಯಾಗಿತ್ತು. ಗುತ್ತೆವ್ವ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಮಾಸ್ತರರು ಒಳಗೆ ಹೋದರೆ ಅವಳೂ ಒಳಗೆ ಬಂದಳು, ಹೊರಗೆ ಬಂದರೆ ಹೊರಗೆ ಬಂದಳು. ಮನೆಯಲ್ಲಿ ಸಂಜೆಯ ಚಹಾ ಮಾಡುವುದು ಎಂದಿನಿಂದಲೂ ಮಾಸ್ತರರ ಕೆಲಸ. ಮಗನ ಕೈಯ ಚಹಾ ಇಲ್ಲದೆ ಗಂಗಾಬಾಯಿಗೆ ದೀಪ ಹಚ್ಚುವ ಹುರುಪು ಬರುತ್ತಿರಲಿಲ್ಲ. ಅವತ್ತು ಮಾತ್ರ ಲೋಟ ತೆಗೆದುಕೊಂಡು, "ಹೊರಗ ಗಾಳಿಗೆ ಕೂತು ಕುಡೀತೇನಿ" ಎಂದು ಹಿತ್ತಲಿಗೆ ಹೋದರು. ಖಾಲಿ ಲೋಟ ತಂದಿಟ್ಟರು. ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ, ಬೆಳಿಗ್ಗೆ ನೋಡಿದರೆ ಕಟ್ಟೆಯ ತುಳಸಿ ಬಾಡಿ ತಲೆ ಕೆಳಗೆ ಹಾಕಿತ್ತು.

ಮಾಸ್ತರರು ಲೆಕ್ಕ ಹಾಕಿದರು. ಕಷಾಯದ ಚರಟವನ್ನು ಅವ್ವ ತುಳಸಿಗೆ ಸುರಿಯುತ್ತಾಳೆ. ತುಳಸಿಗೇ ಹೀಗಾದರೆ ಅವ್ವನ ಗತಿ? ಅವರಿಗೆ ನಿಜಕ್ಕೂ ಅಳು ಬಂತು. ತಂದೆ ಹೋದಾಗ ಮಾಸ್ತರರು ಇನ್ನೂ ಶಾಲೆ ಕಲಿಯುತ್ತಿದ್ದರು. ಹಪ್ಪಳ, ಸಂಡಿಗೆ ಮಾರಿ ಓದಿಸಿದ ತಾಯಿ. ಈಗ ಕಣ್ಣೆದುರಿಗೇ ಬಟ್ಟಲು ಬಟ್ಟಲು ವಿಷ ಕುಡಿಯುತ್ತಿದ್ದಾಳೆ, ತಾನು ಸುಮ್ಮನೆ ಕೂತಿದ್ದೇನೆ.

ಇನ್ನು ತಾವೇ ಪತ್ತೇದಾರರಾಗುವುದೆಂದು ನಿಶ್ಚಯಿಸಿದರು. ವಿಷದ ವಾಸನೆ ಹೇಗಿರುತ್ತದೆಂದು ಗೊತ್ತಾದರೆ ಕಷಾಯದ ವಾಸನೆಗೆ ಹೋಲಿಸಿ ನೋಡಬಹುದು. ನೇರ ತಿಪ್ಪವ್ವನ ಕಿರಾಣಿ ಅಂಗಡಿಗೆ ಹೋಗಿ ಇಲಿ ಪಾಷಾಣ ಕೇಳಿದರು.

"ಮನ್ಯಾಗ ಇಲಿ ಭಾಳ ಆಗ್ಯಾವೇನ್ರಿ ಸರ?" ಎಂದಳು ತಿಪ್ಪವ್ವ.

"ಇಲಿ ಒಂದೂ ಇಲ್ಲ. ನಮ್ಮವ್ವನ ಕಷಾಯಕ್ಕ" ಎಂದವರು ನಾಲಿಗೆ ಕಚ್ಚಿಕೊಂಡು ಪೊಟ್ಟಣ ಹಿಡಿದು ನಡೆದುಬಿಟ್ಟರು. ತಿಪ್ಪವ್ವ ಅಂಗಡಿಯನ್ನು ತೆರೆದೇ ಬಿಟ್ಟು ಗುತ್ತೆವ್ವನ ಮನೆಯ ಕಡೆ ಓಡಿದ್ದು ಅವರಿಗೆ ಕಾಣಲಿಲ್ಲ.

ಅಡುಗೆ ಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಕಷಾಯದ ಪಾತ್ರೆ. ಮಾಸ್ತರರು ಮುಚ್ಚಳ ತೆಗೆದರು. ಬಲಗೈಯ ಪೊಟ್ಟಣವನ್ನು ಒಮ್ಮೆ ಮೂಸಿದರು, ಬಗ್ಗಿ ಪಾತ್ರೆಯನ್ನು ಒಮ್ಮೆ ಮೂಸಿದರು. ಮತ್ತೆ ಪೊಟ್ಟಣ, ಮತ್ತೆ ಪಾತ್ರೆ. ಏನೂ ತಿಳಿಯದೆ ತಲೆ ಎತ್ತಿದರೆ ಬಾಗಿಲಲ್ಲಿ ಗಂಗಾಬಾಯಿ.

"ಏನಿಲ್ಲವ್ವಾ, ವಾಸನಿ ನೋಡ್ಲಿಕತ್ತಿದ್ದೆ."

ಮಡಿಯ ಪಾತ್ರೆಯನ್ನು ಮುಟ್ಟಿದ ಮಗನಿಗೆ ಮೂರು ಓಣಿಗೆ ಕೇಳುವಂತೆ ಬೈಯಬೇಕಾದ ಗಂಗಾಬಾಯಿ ಒಂದು ಮಾತೂ ಆಡಲಿಲ್ಲ. ಪೊಟ್ಟಣವನ್ನು ನೋಡಿದರು, ಮಗನನ್ನು ನೋಡಿದರು, ಗೋಡೆ ಹಿಡಿದುಕೊಂಡು ಹಿಂದೆ ಹಿಂದೆ ಸರಿದರು. ತಾಯಿ ಬೈಯಲಿಲ್ಲವೆಂಬುದೇ ಮಾಸ್ತರರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ವಿಷ ತಲೆಗೇರಿದೆ ಎಂದುಕೊಂಡರು.

ಓಡಿದವರು ನಿಂತದ್ದು ಪಕ್ಕದ ಮನೆಯ ಹವಾಲ್ದಾರ ಮೈಲಾರಪ್ಪನ ಮುಂದೆ. ಗುತ್ತೆವ್ವನ ಗಂಡನೇ ಮೈಲಾರಪ್ಪ. ಅವನು ತನ್ನ ಮೋಟರ್ ಸೈಕಲ್ಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ.

"ಹವಾಲ್ದಾರ, ಫಕ್ಕೀರೇಶನ್ನ ಈಗಿಂದೀಗ ಹಿಡೀಬೇಕು. ಅವ್ವಗ ವಿಷ ಹಾಕ್ಲಿಕತ್ತಾನ."

"ಪುರಾವೆ ಏನೈತ್ರಿ ಸರ?"

"ಪುರಾವೆ ಪೂಜಿಗೆ ಕೂತದ."

"ಏಳೂದು ಯಾವಾಗರಿ?"

"ನಾಳೆ ಮಧ್ಯಾಹ್ನ, ಶ್ರವಣ ನಕ್ಷತ್ರ ಹತ್ತಿದ ಮ್ಯಾಲೆ."

ಮೈಲಾರಪ್ಪ ದಾರಕ್ಕೆ ಗಂಟು ಹಾಕಿ ಎದ್ದ. "ಅಡ್ಡಿ ಇಲ್ಲರಿ. ನನ್ನ ಲಾಠಿನೂ ಪೂಜಿಗೆ ಕೂತೈತಿ. ಎರಡೂ ಕೂಡೇ ಏಳ್ತಾವ. ಒಂದ್ ಮಾತ ಕೇಳ್ತೇನಿ, ಈ ಮನಿ ಯಾರ ಹೆಸರಲೆ ಐತ್ರಿ?"

"ಅವ್ವನ ಹೆಸರಲೆ."

"ಅವ್ವಾರ ಆದ ಮ್ಯಾಲೆ ಯಾರಿಗೆ ಬರತೈತಿ?"

"ಮತ್ತ್ಯಾರಿಗೆ? ನನಗ." ಪೊಲೀಸರು ಕಡೆಗೂ ಆಸಕ್ತಿ ತೋರಿಸಿದರೆಂದು ಮಾಸ್ತರರಿಗೆ ಕೊಂಚ ಧೈರ್ಯ ಬಂತು. ಮೈಲಾರಪ್ಪ ಹ್ಞೂಂ ಎಂದ. ಹ್ಞೂಂ ಎನ್ನುವ ರೀತಿಯಲ್ಲಿ ಏನೋ ಇತ್ತು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ದಶಮಿಯ ದಿನ ಮಧ್ಯಾಹ್ನ ಪಂಚಾಂಗ ನೋಡಿ ಗಂಗಾಬಾಯಿ ಮಂಗಳಾರತಿ ಮಾಡಿ ಪೀಠವನ್ನು ಕದಲಿಸಿದರು. ಕೆಂಪು ವಸ್ತ್ರ ತೆಗೆದು, ಮೇಲಿದ್ದ ಪುಸ್ತಕವನ್ನು ಮಗನ ಕಡೆಗೆ ನೆಲದ ಮೇಲೆಯೇ ಸರಿಸಿದರು. "ತಗೋ. ಓದು" ಎಂದಷ್ಟೇ ಹೇಳಿ ಗುತ್ತೆವ್ವನ ಹಿಂದೆ ಹೋಗಿ ನಿಂತರು.

ಮಾಸ್ತರರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕಡೆಯ ಅಧ್ಯಾಯ ತೆರೆದರು. ಅರಿಸಿನ ಮೆತ್ತಿದ ಹಾಳೆಗಳು ಅಂಟಿಕೊಂಡಿದ್ದವು. ಒಂದು ಪುಟ, ಎರಡು ಪುಟ. ಬಾಡಿಗೆಯವನು ತಂದ ಬೇರು ಬರೀ ಬೇರು. ಅವನು ತೋಡಿದ ಗುಂಡಿ ನುಗ್ಗೆಯ ಸಸಿಗೆ. ಬಟ್ಟಲಿಗೆ ವಿಷ ಹಾಕಿದವನು ಮುದುಕಿಯ ಮಗ. ಮನೆಯ ಆಸೆಗೆ ತಾನೇ ವಿಷ ತಂದು, ತಾನೇ ಕಷಾಯಕ್ಕೆ ಬೆರೆಸಿ, ಬಡಪಾಯಿ ಬಾಡಿಗೆಯವನೇ ಕೊಲೆಗಾರನೆಂದು ಊರೂರು ತಿರುಗಿ ಸಾರಿದವನು.

ಮಾಸ್ತರರು ಪುಸ್ತಕ ಮುಚ್ಚಿದರು. ಓಣಿಯಲ್ಲಿ ಊದಿದ ಮಾತುಗಳು, ಹಾನಗಲ್ಲಿನ ಚಾಕು, ತಿಪ್ಪವ್ವನ ಪೊಟ್ಟಣ, ಮನೆ ಯಾರ ಹೆಸರಲೆ ಎಂಬ ಪ್ರಶ್ನೆ ಒಂದೊಂದಾಗಿ ಬಂದು ಎದುರಿಗೆ ಕೂತವು. ಜೀವಮಾನದಲ್ಲಿ ಎಷ್ಟೋ ಕೊಲೆಗಾರರಿಗೆ ಹೆದರಿದ ಮನುಷ್ಯ ಮೊದಲ ಸಲ ತನಗೇ ಹೆದರಿದರು.

ತಲೆ ಎತ್ತಿದರೆ ಬಾಗಿಲ ತುಂಬ ಜನ. ಬನ್ನಿ ಕೊಡುವ ಹೊತ್ತಾಗಿತ್ತು. ಮೈಲಾರಪ್ಪ ಒಂದು ಕೈಯಲ್ಲಿ ಬನ್ನಿ, ಇನ್ನೊಂದು ಕೈಯಲ್ಲಿ ಕುಂಕುಮ ಹಚ್ಚಿದ ಲಾಠಿ ಹಿಡಿದಿದ್ದ. ತಿಪ್ಪವ್ವ ಇದ್ದಳು, ಹಾನಗಲ್ಲಿನಿಂದ ಹಾಜರಾಬಿ ಬಂದಿದ್ದರು. ಎಲ್ಲರ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೊರಟು ನಿಂತ ಫಕ್ಕೀರೇಶ.

"ಓದಿದ್ರೇನ್ರಿ ಸರ?" ಎಂದ ಮೈಲಾರಪ್ಪ. "ಕಡೀಕ ಏನಾತು?"

ಮಾಸ್ತರರು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದರು. "ಕಡೀ ಹೇಳಬಾರದ್ರಿ. ಬಳಗದ ನಿಯಮ ಅದ."

"ನಾ ಇವರಿಗೆ ಹೇಳೇನಿ" ಎಂದರು ಹಾಜರಾಬಿ. "ಇವ್ರು ಬಳಗದವರಲ್ಲ, ನಿಯಮ ಮುರದಿಲ್ಲ. ಮೊನ್ನೆ ನೀವು ಹೋದ ಕೂಡ್ಲೆ ಗಂಗಾಬಾಯಿಯವ್ರಿಗೆ ಫೋನ್ ಮಾಡಿದೆ. ಅವರು, ನನಗ ಗೊತ್ತದ, ನಾ ಆಗಲೇ ಓದೇನಿ ಅಂದ್ರು."

ಮಾಸ್ತರರು ತಾಯಿಯನ್ನು ನೋಡಿದರು. "ನೀ ಯಾವಾಗ ಓದಿದಿ ಅವ್ವಾ?"

"ನೀ ಸಾಲಿಗೆ ಹೋದಾಗ" ಎಂದರು ಗಂಗಾಬಾಯಿ, ಗುತ್ತೆವ್ವನ ಹೆಗಲ ಮೇಲಿನಿಂದ. "ಒಂದು ಬಿಟ್ಟು ಎಲ್ಲಾ ಭಾಗನೂ ಓದೇನಿ. ವೇದಾಂತದಾಗ ಇಷ್ಟು ಮಂದಿ ಸಾಯ್ತಾರಂತ ನನಗ ಗೊತ್ತಿದ್ದಿಲ್ಲ."

ಮಾಸ್ತರರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ಮೊದಲು ಫಕ್ಕೀರೇಶನ ಹತ್ತಿರ ಹೋಗಿ ಅವನ ಗಂಟನ್ನು ಕೈಯಿಂದ ತೆಗೆದು ಕೆಳಗಿಟ್ಟರು. "ತಪ್ಪಾತಪಾ. ಹೋಗಬ್ಯಾಡ" ಎಂದರು. ಫಕ್ಕೀರೇಶ ತಲೆ ತಗ್ಗಿಸಿಕೊಂಡೇ, "ಕುಣಿ ತೋಡಿದ್ದು ನುಗ್ಗಿ ಸಸಿ ಹಚ್ಚಾಕ್ರಿ. ಅಮ್ಮಾರ ಹೇಳಿದ್ರು" ಎಂದ. ಆಮೇಲೆ ಮಾಸ್ತರರು ಪೊಟ್ಟಣದ ಕಥೆ, ವಾಸನೆಯ ಕಥೆ, ಬಾಡಿದ ತುಳಸಿಯ ಕಥೆಯನ್ನೆಲ್ಲ ಒಪ್ಪಿಸಿದರು. ತುಳಸಿಯ ಮಾತಿಗೆ ಗಂಗಾಬಾಯಿ ತಲೆ ಕೆಳಗೆ ಹಾಕಿದರು. ಮಗ ಕೊಟ್ಟ ಸುಡು ಸುಡು ಚಹಾವನ್ನು ಅವರು ಸುರಿದದ್ದು ಅಲ್ಲಿಗೇ.

ಹಬ್ಬದ ದಿನ ಬಂದವರಿಗೆ ಏನಾದರೂ ಕೊಡಬೇಕಲ್ಲ. ಮಾಸ್ತರರು ಒಳಗೆ ಹೋಗಿ ಚಹಾ ಮಾಡಿ ತಂದರು. ಎಲ್ಲರೂ ಕಪ್ಪು ತೆಗೆದುಕೊಂಡರು, ಯಾರೂ ತುಟಿಗೆ ಹಚ್ಚಲಿಲ್ಲ. ಮೈಲಾರಪ್ಪ ಕಪ್ಪಿನೊಳಗೆ ಇಣುಕಿ ನೋಡಿದ. ತಿಪ್ಪವ್ವ ಊದುತ್ತಲೇ ಇದ್ದಳು. ಹಾಜರಾಬಿ, "ನನಗ ಶುಗರ್ ಐತ್ರಿ" ಎಂದರು.

ಗಂಗಾಬಾಯಿ ಗುತ್ತೆವ್ವನ ಮರೆಯಿಂದ ಹೊರಗೆ ಬಂದರು. ಮೊಣಕಾಲು ಹಿಡಿದುಕೊಂಡು ಮಗನ ಎದುರಿಗೆ ಕೂತರು. ತಮ್ಮ ಲೋಟ ಎತ್ತಿ, ಎಲ್ಲರೂ ನೋಡುವಂತೆ, ನಡುವೆ ಉಸಿರೂ ಬಿಡದೆ ತಳ ಕಾಣುವವರೆಗೆ ಕುಡಿದರು.

"ಸಕ್ಕರಿ ಕಡಿಮಿ ಆಗೇದ" ಎಂದರು. ಖಾಲಿ ಲೋಟವನ್ನು ಮಗನ ಮುಂದೆ ಇಟ್ಟರು. "ನನಗ ಭಾಳ ಹೆದರಿಕಿ ಆಗಿತ್ತೋ ಸುಯಮೀ."

"ನನಗೂ ಅವ್ವಾ. ನೀ ಎಲ್ಲಿ ಹೋಗಿಬಿಡ್ತೀಯೋ ಅಂತ."

ಆಗ ಎಲ್ಲರೂ ಚಹಾ ಕುಡಿದರು. ಮೈಲಾರಪ್ಪ ಲಾಠಿಯನ್ನು ಮೂಲೆಗೆ ಒರಗಿಸಿ ಬನ್ನಿ ಕೊಟ್ಟ, "ಬಂಗಾರದ್ಹಂಗ ಇರೂಣ್ರಿ ಸರ" ಎಂದ. ಫಕ್ಕೀರೇಶ ಕೊಟ್ಟ ಬನ್ನಿಯನ್ನು ಮಾಸ್ತರರು ಕಣ್ಣಿಗೊತ್ತಿಕೊಂಡು ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಂಡರು.

ಜನ ಹೋದ ಮೇಲೆ ಮಾಸ್ತರರು ಪೀಠದ ಮೇಲಿನ ಅಜ್ಜನ ಗ್ರಂಥಗಳನ್ನು ತೆಗೆದು ಕಪಾಟಿಗೆ ಇಡತೊಡಗಿದರು. ಅವುಗಳ ನಡುವೆ ‘ವೇದಾಂತ ವಿಚಾರ, ಭಾಗ ಹದಿನೈದು’ ಸಿಕ್ಕಿತು. ಅರ್ಧಕ್ಕೆ ಒಂದು ಬಾಡಿದ ತುಳಸಿ ಎಲೆ ಗುರುತಿಗಿಟ್ಟಿತ್ತು.

"ಇದೂ ಓದೀಯೇನು ಅವ್ವಾ? ಇದರಾಗ ಆ ಡಾಕ್ಟರ್..."

"ಬಾಯಿ ಮುಚ್ಚು" ಎಂದು ಗಂಗಾಬಾಯಿ ಮಗನ ಕೈಯಿಂದ ಪುಸ್ತಕ ಕಿತ್ತುಕೊಂಡರು. "ಸರಸ್ವತಿ ಕೂತ್ಲಂತ ಅರ್ಧಕ್ಕ ಬಿಟ್ಟೇನಿ. ಕಡೀ ಹೇಳಿದಿ ಅಂದ್ರ ಮನೀ ಫಕ್ಕೀರೇಶನ ಹೆಸರಿಗೆ ಬರದು ಕೊಡ್ತೇನಿ ನೋಡು."